ಆಲೂಗಡ್ಡೆ ಮೊಳೆತಿದೆಯಾ, ಚಿಪ್ಸ್ ಕಪ್ಪಾಗುತ್ತಿದೆಯಾ? ಎಥಿಲೀನ್ ಕಾಟ ಪತ್ತೆ ಹಚ್ಚುವ ಬಗೆ

ಹಾಸನದಲ್ಲಿ ನಮ್ಮದೊಂದು ಚಿಕ್ಕ ಹಾಟ್ ಚಿಪ್ಸ್ ಅಂಗಡಿ. ಮುಂದೆ ಬಾಣಲೆ, ಹಿಂದೆ ಕಿಟಕಿಯಿಲ್ಲದ ಒಂದು ಸ್ಟೋರ್ ರೂಮು. ನೆಲದ ಮೇಲೆ ಆಲೂಗಡ್ಡೆ ಮೂಟೆ, ಮೇಲೆ ಕೊಕ್ಕೆಗೆ ನೇಂದ್ರ ಬಾಳೆಗೊನೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಒಂದು ಬೇಸಿಗೆಯಲ್ಲಿ ಆಲೂ ಚಿಪ್ಸ್ ಕಪ್ಪಾಗತೊಡಗಿತು. ಎಣ್ಣೆ ಬದಲಾಯಿಸಿದೆ. ಉರಿ ತಗ್ಗಿಸಿದೆ. ಮಂಡಿಯವರ ಹತ್ತಿರ ಜಗಳವೂ ಆಯಿತು. ಅದೇ ಲೋಡಿನ ಒಂದು ಮೂಟೆ ಪಕ್ಕದ ಕಿರಾಣಿ ಅಂಗಡಿಯಲ್ಲಿತ್ತು. ಅದರಿಂದ ಎರಡು ಗಡ್ಡೆ ತಂದು ಕರಿದರೆ ಚಿಪ್ಸ್ ಬೆಳ್ಳಗೆ, ಗರಿಗರಿ! ಆಗ ತಲೆ ಎತ್ತಿ ನೋಡಿದೆ. ಮದುವೆ ಆರ್ಡರ್ ಒಂದು ತಪ್ಪಿಹೋಗಿ ಎರಡು ಗೊನೆ ಹಾಗೇ ಉಳಿದಿದ್ದವು. ಮೂಟೆಗಳ ನೆತ್ತಿಯ ಮೇಲೇ ಹಳದಿಯಾಗಿ ಹಣ್ಣಾಗಿದ್ದವು.

ಹಣ್ಣಾಗುವ ಬಾಳೆ, ಮಾವು, ಸೇಬು, ಪಪ್ಪಾಯ, ಸಪೋಟ, ಟೊಮೆಟೊ ಇವೆಲ್ಲ ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಬಣ್ಣ ಇಲ್ಲ. ಸ್ಟೋರ್ ರೂಮಿನಲ್ಲಿರುವಷ್ಟು ಪ್ರಮಾಣದಲ್ಲಿ ವಾಸನೆಯೂ ಗೊತ್ತಾಗುವುದಿಲ್ಲ. ಆಲೂಗಡ್ಡೆ ತಾನಾಗಿ ಇದನ್ನು ಬಿಡುವುದು ತೀರಾ ಕಡಿಮೆ, ಆದರೆ ಬೇರೆಯವರು ಬಿಟ್ಟದ್ದು ಅದಕ್ಕೆ ಚೆನ್ನಾಗಿ ತಟ್ಟುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಲೂಗಡ್ಡೆಗೆ ಬರುವ ಎಲ್ಲ ತೊಂದರೆಗೂ ಎಥಿಲೀನ್ ಕಾರಣವಲ್ಲ. ನನಗೆ ಅದು ಗೊತ್ತಾದ ಮೇಲೆ ಕೆಲವು ತಿಂಗಳು ಎಲ್ಲದಕ್ಕೂ ಅದನ್ನೇ ಬೈದೆ. ಅರ್ಧಕ್ಕರ್ಧ ತಪ್ಪಾಗಿತ್ತು.

ಮೊಳಕೆ ಬಂದಿದೆ

ಎಲ್ಲರ ಕಣ್ಣಿಗೆ ಬೀಳುವುದು ಇದೇ. ಮೊಳಕೆ ಕಿತ್ತು ಎಸೆಯುವ ಮೊದಲು ಅದರ ಆಕಾರ ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ ಇದು.

ಮೊಳಕೆ ಉದ್ದ, ತೆಳು, ಬೆಳ್ಳಗೆ ದಾರದ ಹಾಗೆ ಇದೆಯಾ? ಗಡ್ಡೆಯ ಒಂದು ತುದಿಯಿಂದಲೇ ಹೆಚ್ಚಾಗಿ ಬಂದಿದೆಯಾ? ಹಾಗಿದ್ದರೆ ಅದು ಶಾಖ ಮತ್ತು ಕತ್ತಲೆಯ ಕೆಲಸ. ಕಿತ್ತ ಹೊಸ ಗಡ್ಡೆ ತಳಿ ಮತ್ತು ಹವೆ ನೋಡಿಕೊಂಡು ಒಂದೂವರೆ, ಎರಡು ತಿಂಗಳು ನಿದ್ದೆ ಮಾಡುತ್ತದೆ. ಆಮೇಲೆ ಎದ್ದೇ ಏಳುತ್ತದೆ. ಅದಕ್ಕೆ ಯಾರ ಚಿತಾವಣೆಯೂ ಬೇಕಿಲ್ಲ.

ಮೊಳಕೆ ಗಿಡ್ಡ, ದಪ್ಪ, ಒಂದೇ ಗಡ್ಡೆಯಲ್ಲಿ ಐದಾರು ಕಣ್ಣುಗಳಿಂದ ಒಟ್ಟಿಗೆ ಗುಬುಟು ಗುಬುಟಾಗಿ ಎದ್ದಿದೆಯಾ? ಆಗ ಎಥಿಲೀನ್ ಮೇಲೆ ಅನುಮಾನಪಡಿ. 1901ರಲ್ಲಿ ರಷ್ಯಾದ ನೆಲ್ಯುಬೊವ್ ಎಂಬ ವಿಜ್ಞಾನಿ ಬಟಾಣಿ ಸಸಿಗಳಲ್ಲಿ ಕಂಡಿದ್ದು ಹೆಚ್ಚು ಕಡಿಮೆ ಇದೇ. ಗ್ಯಾಸ್ ದೀಪದ ಗಾಳಿ ತಾಗಿದ ಸಸಿ ಗಿಡ್ಡವಾಗಿ, ದಪ್ಪವಾಗಿ, ಅಡ್ಡಕ್ಕೆ ಬೆಳೆಯಿತು. ಆ ಗ್ಯಾಸಿನಲ್ಲಿದ್ದ ಎಥಿಲೀನೇ ಕಾರಣ ಎಂದು ಅವರು ತೋರಿಸಿದರು.

ಇಲ್ಲೊಂದು ಗೊಂದಲ ಇದೆ. ಸೇಬು ಜೊತೆಗಿಟ್ಟರೆ ಆಲೂಗಡ್ಡೆ ಮೊಳೆಯುವುದಿಲ್ಲ ಎನ್ನುವವರಿದ್ದಾರೆ. ಹಣ್ಣಿನ ಹತ್ತಿರ ಇಟ್ಟರೆ ಬೇಗ ಮೊಳೆಯುತ್ತದೆ ಎನ್ನುವವರೂ ಇದ್ದಾರೆ. ಇಬ್ಬರೂ ಸರಿ! ಎಥಿಲೀನ್ ಎರಡು ಮೂರು ದಿನ ತಾಗಿ ಹೋದರೆ ಮಲಗಿದ್ದ ಗಡ್ಡೆ ಎಚ್ಚರಗೊಳ್ಳುತ್ತದೆ. ಅದೇ ಎಥಿಲೀನ್ ಬಿಡದೆ ಸುತ್ತಲೂ ಇದ್ದರೆ ಎದ್ದ ಮೊಳಕೆ ಉದ್ದ ಬೆಳೆಯಲಾಗದೆ ಗಿಡ್ಡವಾಗಿಯೇ ನಿಲ್ಲುತ್ತದೆ. ಬಾಗಿಲು ತಟ್ಟಿ ಎಬ್ಬಿಸಿ, ಮತ್ತೆ ಹೊಸ್ತಿಲು ದಾಟಲು ಬಿಡದ ಹಾಗೆ. ಸೇಬಿನ ಗಾಳಿಗೆ ಆಲೂ ಮೊಳಕೆ ಕುಗ್ಗುತ್ತದೆ ಎಂಬುದು 1932ರಲ್ಲೇ ಅಚ್ಚಾದ ವಿಷಯ. ಬ್ರಿಟನ್‌ನ ಕೆಲವು ಗೋದಾಮುಗಳು ಇದನ್ನೇ ಬಳಸಿಕೊಂಡು 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ ಹತ್ತು ಪಾಲು) ಆಸುಪಾಸಿನಲ್ಲಿ ಎಥಿಲೀನ್ ಬಿಟ್ಟು ಮೊಳಕೆ ತಡೆಯುತ್ತವೆ. ಆದರೆ ಅಲ್ಲಿ ಯಂತ್ರ ಹಗಲೂ ರಾತ್ರಿ ಅಳೆಯುತ್ತಿರುತ್ತದೆ. ನಮ್ಮ ಮನೆಯಲ್ಲಿ ಸೇಬು ಇವತ್ತು ಇರುತ್ತದೆ, ನಾಳೆ ಮಕ್ಕಳ ಹೊಟ್ಟೆಯಲ್ಲಿ. ಎಥಿಲೀನ್ ಬಂದು ಹೋಗಿ ಮಾಡಿದರೆ ಲಾಭಕ್ಕಿಂತ ನಷ್ಟವೇ ಜಾಸ್ತಿ. ಹಾಗಾಗಿ ಸೇಬಿನ ಉಪಾಯ ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಈರುಳ್ಳಿ. ಆಲೂಗಡ್ಡೆ ಮೊಳೆತರೆ ಎಲ್ಲರೂ ಅದನ್ನೇ ಹಿಡಿದು ಬಯ್ಯುತ್ತಾರೆ. ನಿಜವಾಗಿ ಈರುಳ್ಳಿ ಬಿಡುವ ಎಥಿಲೀನ್ ತೀರಾ ಅತ್ಯಲ್ಪ. ಅವೆರಡನ್ನೂ ಬೇರೆ ಇಡಬೇಕು, ಅದು ಸರಿ, ಆದರೆ ಕಾರಣ ಬೇರೆ. ಆಲೂಗಡ್ಡೆಗೆ ತೇವದ ಗಾಳಿ ಬೇಕು, ಈರುಳ್ಳಿಗೆ ಒಣ ಗಾಳಿ. ಒಂದೇ ಬುಟ್ಟಿಯಲ್ಲಿಟ್ಟರೆ ಈರುಳ್ಳಿ ಬೆವರಿ ಕೊಳೆಯುತ್ತದೆ.

ಏನು ಮಾಡಬೇಕು? ಮೊದಲು ಹಣ್ಣು, ಟೊಮೆಟೊ ಎಲ್ಲವನ್ನೂ ಬೇರೆ ಕೋಣೆಗೆ ಸಾಗಿಸಿ. ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ಇಟ್ಟರೆ ಸಾಲದು. ಆಲೂಗಡ್ಡೆಯನ್ನು ಪ್ಲಾಸ್ಟಿಕ್ ಕವರಿನಿಂದ ಬಿಡಿಸಿ ಗೋಣಿಚೀಲಕ್ಕೋ ಬಿದಿರ ಬುಟ್ಟಿಗೋ ಹಾಕಿ. ಒಲೆ, ಫ್ರಿಜ್ಜಿನ ಬೆನ್ನು, ಬಿಸಿಲು ಬೀಳುವ ಗೋಡೆ, ಈ ಮೂರರಿಂದ ದೂರ ಇಡಿ. ಹತ್ತು ದಿನ ಬಿಟ್ಟು ನೋಡಿ.

ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ಒಂದೇ ಚೀಲದ ಎಂಟು ಗಡ್ಡೆ ಆರಿಸಿ. ನಾಲ್ಕನ್ನು ಒಂದು ಕಾಗದದ ಚೀಲದಲ್ಲಿ ಎರಡು ಪಕ್ವ ಬಾಳೆಹಣ್ಣಿನ ಜೊತೆ ಇಡಿ, ಹಣ್ಣು ಕಪ್ಪಾದಾಗ ಬದಲಾಯಿಸುತ್ತಿರಿ. ಉಳಿದ ನಾಲ್ಕನ್ನು ಬೇರೆ ಕೋಣೆಯಲ್ಲಿ ಇನ್ನೊಂದು ಚೀಲದಲ್ಲಿ ಇಡಿ. ಎರಡು ಮೂರು ವಾರದಲ್ಲಿ ಗಿಡ್ಡ ಮೊಳಕೆಗೂ ಉದ್ದ ಮೊಳಕೆಗೂ ಇರುವ ವ್ಯತ್ಯಾಸ ನೀವೇ ನೋಡುತ್ತೀರಿ. ಒಮ್ಮೆ ನೋಡಿದರೆ ಸಾಕು, ಆಮೇಲೆ ಮೂಟೆ ಬಿಚ್ಚಿದ ಕೂಡಲೇ ಗುರುತು ಸಿಗುತ್ತದೆ.

ಮೊಳೆತದ್ದನ್ನು ತಿನ್ನಬಹುದಾ? ಗಡ್ಡೆ ಗಟ್ಟಿಯಾಗಿದ್ದು ಮೊಳಕೆ ಚಿಕ್ಕದಿದ್ದರೆ, ಕಣ್ಣಿನ ಸಮೇತ ಆಳವಾಗಿ ಕೆತ್ತಿ ತೆಗೆದು ಅಡುಗೆ ಮಾಡಬಹುದು. ಗಡ್ಡೆ ಮೆತ್ತಗಾಗಿ ಸುಕ್ಕುಗಟ್ಟಿದ್ದರೆ ತಿಪ್ಪೆಗೆ ಹಾಕಿ. ಮೊಳಕೆಯಲ್ಲಿ ಸೊಲನೈನ್ ಎಂಬ ವಿಷ ಗಡ್ಡೆಗಿಂತ ಎಷ್ಟೋ ಜಾಸ್ತಿ ಇರುತ್ತದೆ.

ಕರಿದರೆ ಕಪ್ಪು, ಪಲ್ಯ ಮಾಡಿದರೆ ಸಿಹಿ

ನನ್ನ ಕಸುಬಿಗೇ ಕಲ್ಲು ಹಾಕಿದ್ದು ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಗಡ್ಡೆಯೊಳಗಿನ ಪಿಷ್ಟ ಸಕ್ಕರೆಯಾಗಿ ಬದಲಾದಾಗ ಹೀಗಾಗುತ್ತದೆ. ಆ ಸಕ್ಕರೆ ಬಿಸಿ ಎಣ್ಣೆಯಲ್ಲಿ ಕಂದಾಗಿ ಕಹಿಯಾಗುತ್ತದೆ. ಸಕ್ಕರೆ ಹೆಚ್ಚಲು ಮುಖ್ಯ ಕಾರಣ ಎರಡು, ಚಳಿ ಮತ್ತು ಎಥಿಲೀನ್. ಗಡ್ಡೆ ಹಳತಾದರೂ ಹೆಚ್ಚುತ್ತದೆ.

ಮೊದಲು ಚಳಿಯನ್ನು ವಿಚಾರಿಸಿ. ಮನೆಯಲ್ಲಿ ಆಲೂಗಡ್ಡೆ ಫ್ರಿಜ್ಜಿನಲ್ಲಿತ್ತಾ? ಫ್ರಿಜ್ಜಿನೊಳಗೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಷ್ಟು ಚಳಿಗೆ ಕೆಲವು ವಾರ ಇಟ್ಟರೆ ಸಿಹಿಯಾಗುವುದು ಸಹಜ. ಅಂಗಡಿಯವರಾದರೆ ಮಂಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: ಇದು ಹೊಲದ ಮಾಲಾ, ಕೋಲ್ಡ್ ಸ್ಟೋರೇಜ್ ಮಾಲಾ? ನಮ್ಮ ದೇಶದ ಹಳೆಯ ಶೈಲಿಯ ಕೋಲ್ಡ್ ಸ್ಟೋರೇಜ್‌ಗಳು 2ರಿಂದ 4 ಡಿಗ್ರಿಯಲ್ಲಿ ನಡೆಯುತ್ತವೆ. ಬಿತ್ತನೆ ಗಡ್ಡೆಗೆ ಅದು ಸರಿ, ಚಿಪ್ಸಿಗೆ ಅಲ್ಲ. ಚಿಪ್ಸ್ ಕಂಪನಿಗಳಿಗೆ ಹೋಗುವ ಮಾಲನ್ನು 10ರಿಂದ 12 ಡಿಗ್ರಿಯಲ್ಲಿ ಇಟ್ಟು, ಮೊಳಕೆ ಬರದಂತೆ ಸಿಐಪಿಸಿ ಎಂಬ ಔಷಧದ ಹೊಗೆ ಕೊಡುತ್ತಾರೆ.

ಚಳಿ ಅಲ್ಲ ಎಂದಾದರೆ ಮೂಟೆಯ ಸುತ್ತಮುತ್ತ ನೋಡಿ. ಮೇಲೆ, ಪಕ್ಕ, ಗೋಡೆಯಾಚೆ ಹಣ್ಣು ಇದೆಯಾ? ಬಾಳೆ ಹಣ್ಣು ಮಾಡುವ ಕೋಣೆ ಪಕ್ಕದಲ್ಲಿದೆಯಾ? ಅಲ್ಲಿ 100 ಪಿಪಿಎಂವರೆಗೆ ಎಥಿಲೀನ್ ಬಿಡಲು ಅನುಮತಿ ಇದೆ. ಬಾಗಿಲ ಸಂದಿಯಲ್ಲಿ ಸೋರಿದರೂ ನಿಮ್ಮ ಆಲೂಗಡ್ಡೆಗೆ ಅದು ಧಾರಾಳವಾಯಿತು. ಕದ್ದುಮುಚ್ಚಿ ಕಾರ್ಬೈಡ್ ಬಳಸುವವರು ಪಕ್ಕದಲ್ಲಿದ್ದರೂ ತೊಂದರೆಯೇ. ಅದರಿಂದ ಬರುವ ಅಸಿಟಿಲೀನ್ ಕೂಡ ಎಥಿಲೀನ್ ಹಾಗೆಯೇ ಕೆಲಸ ಮಾಡುತ್ತದೆ. ಹಣ್ಣಿಗೆ ಕಾರ್ಬೈಡ್ ಬಳಸುವುದು ನಮ್ಮಲ್ಲಿ ನಿಷೇಧ ಎಂಬುದು ಬೇರೆ ಮಾತು.

ಮಾಲು ಪೂರ್ತಿ ಕೊಳ್ಳುವ ಮೊದಲು ಕರಿದು ನೋಡಿ. ಬೇರೆ ಬೇರೆ ಮೂಟೆಯಿಂದ ಐದು ಗಡ್ಡೆ ತೆಗೆದು, ಉದ್ದಕ್ಕೆ ಸೀಳಿ, ನಡುವಿನ ಹೋಳನ್ನು ಕರಿಯಿರಿ. ಹೋಳು ಪೂರ್ತಿ ಒಂದೇ ಸಮ ಕಂದಾದರೆ ತಪ್ಪು ಇಟ್ಟ ಜಾಗದ್ದು. ಬಳ್ಳಿ ಅಂಟಿಕೊಂಡಿದ್ದ ಒಂದು ತುದಿ ಮಾತ್ರ ಕಪ್ಪಾದರೆ ಅದು ಹೊಲದಲ್ಲಿ ನೀರು ಸಾಲದೆ, ಬಿಸಿಲು ಜಾಸ್ತಿಯಾಗಿ ಬಂದ ಕೊರತೆ. ಅದಕ್ಕೆ ಬಾಳೆಗೊನೆಯನ್ನು ಬೈದು ಪ್ರಯೋಜನವಿಲ್ಲ. ಇನ್ನೊಂದು ಉಪಾಯ ಇದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಮೂತ್ರದ ಸಕ್ಕರೆ ನೋಡುವ ಪಟ್ಟಿಯನ್ನು ಆಗಷ್ಟೇ ಕೊಯ್ದ ಗಡ್ಡೆಯ ಮೇಲೆ ಒತ್ತಿ ಹಿಡಿಯಿರಿ. ಬಣ್ಣ ಗಾಢವಾಗಿ ತಿರುಗಿದರೆ ಆ ಮಾಲು ಚಿಪ್ಸಿಗೆ ಬೇಡ. ಸಾಗುಗೋ ಸಾಂಬಾರಿಗೋ ಇರಲಿ.

ಕೊಂಡಾಗಿದೆ, ಈಗೇನು ಮಾಡಲಿ ಎಂದರೆ ದಾರಿ ಇದೆ. ಮೂಟೆಗಳನ್ನು ಹಣ್ಣಿನಿಂದ ದೂರ, 15ರಿಂದ 20 ಡಿಗ್ರಿ ಇರುವ, ಗಾಳಿಯಾಡುವ ಕತ್ತಲೆ ಜಾಗದಲ್ಲಿ ಎರಡು ಮೂರು ವಾರ ಬಿಡಿ. ಸಕ್ಕರೆ ಸ್ವಲ್ಪ ಮಟ್ಟಿಗೆ ಮತ್ತೆ ಪಿಷ್ಟವಾಗುತ್ತದೆ, ಸ್ವಲ್ಪ ಉಸಿರಾಟದಲ್ಲಿ ಕರಗಿಹೋಗುತ್ತದೆ. ಹಾಸನದ ಡಿಸೆಂಬರ್, ಜನವರಿ ಹವೆಗೆ ಇದು ಸುಲಭ. ಏಪ್ರಿಲ್‌ನಲ್ಲಿ ಕಷ್ಟ, ಅಷ್ಟರೊಳಗೆ ಮೊಳೆತುಬಿಡುತ್ತದೆ. ತೀರಾ ಹಳೆಯ ಗಡ್ಡೆಗೆ ಈ ಉಪಚಾರ ಹತ್ತುವುದಿಲ್ಲ. ಕೊಯ್ದ ಹೋಳನ್ನು ಉಗುರು ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಕರಿದರೂ ಬಣ್ಣ ಸ್ವಲ್ಪ ಸುಧಾರಿಸುತ್ತದೆ. ಒರೆಸದೆ ಹಾಕಬೇಡಿ, ಎಣ್ಣೆ ಉಕ್ಕಿ ಮೈಮೇಲೆ ಹಾರುತ್ತದೆ.

ಕಪ್ಪು ಚಿಪ್ಸನ್ನು ಜಾಸ್ತಿ ಖಾರದ ಪುಡಿ ಹಾಕಿ ಮುಚ್ಚುವವರಿದ್ದಾರೆ. ನಾನೂ ಒಂದು ದಿನ ಮಾಡಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಸಕ್ಕರೆ ಜಾಸ್ತಿ ಇರುವ ಗಡ್ಡೆ ಕರಿದಾಗ ಅಕ್ರಿಲಮೈಡ್ ಎಂಬ ಹಾನಿಕರ ರಾಸಾಯನಿಕ ಕೂಡ ಜಾಸ್ತಿ ಹುಟ್ಟುತ್ತದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇದನ್ನು ತಿಂಡಿಗಳಲ್ಲಿ ಪತ್ತೆ ಮಾಡಿದ ಮೇಲೆ ಲೋಕದ ಚಿಪ್ಸ್ ಕಂಪನಿಗಳೆಲ್ಲ ಎಚ್ಚೆತ್ತವು. ಹೊನ್ನಿನ ಬಣ್ಣ ದಾಟಿದ್ದನ್ನು ಮಾರಬೇಡಿ.

ಬೇಯಿಸಿಟ್ಟ ಗಡ್ಡೆ ಆರಿದ ಮೇಲೆ ಬೂದು ಬಣ್ಣಕ್ಕೆ ತಿರುಗಿದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ. ಗಡ್ಡೆಯೊಳಗಿನ ಕಬ್ಬಿಣದ ಅಂಶದ ಆಟ ಅದು, ತಿಂದರೆ ತೊಂದರೆ ಇಲ್ಲ. ಬೇಯಿಸುವ ನೀರಿಗೆ ನಿಂಬೆರಸ ನಾಲ್ಕು ಹನಿ ಹಾಕಿ ನೋಡಿ.

ಸಿಪ್ಪೆ ಹಸಿರಾಗಿದೆ, ನಾಲಿಗೆಗೆ ಕಹಿ

ಇದು ಬೆಳಕಿನ ಕೆಲಸ. ಬಿಸಿಲೇ ಬೇಕೆಂದಿಲ್ಲ, ಅಂಗಡಿಯ ಟ್ಯೂಬ್‌ಲೈಟೂ ಸಾಕು. ಹಸಿರು ಬಣ್ಣದಿಂದ ಕೆಡುಕಿಲ್ಲ, ಆದರೆ ಅದರ ಜೊತೆಗೇ ಸೊಲನೈನ್ ಕೂಡ ಏರಿರುತ್ತದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಅಲ್ಲಲ್ಲಿ ಹಸಿರಿದ್ದರೆ ದಪ್ಪಗೆ ಕೆತ್ತಿ ಬಿಸಾಡಿ. ಅರ್ಧ ಗಡ್ಡೆ ಹಸಿರಿದ್ದರೆ, ಬೆಂದ ಮೇಲೂ ಕಹಿ ಇದ್ದರೆ, ಗಂಟಲು ಉರಿದರೆ ತಿನ್ನುವುದನ್ನು ಅಲ್ಲಿಗೇ ನಿಲ್ಲಿಸಿ. ದನಕ್ಕೂ ಹಾಕಬೇಡಿ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು, ಭೇದಿ, ತಲೆಸುತ್ತು ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ. ಮಕ್ಕಳಾದರೆ ಇನ್ನೂ ಬೇಗ.

ಮುಟ್ಟಿದರೆ ಮೆತ್ತಗೆ, ಸುಕ್ಕು ಸುಕ್ಕು

ನೀರು ಆರಿದೆ. ಮೊಳಕೆ ಇದ್ದರೆ ಅದೇ ನೀರು ಎಳೆದಿರುತ್ತದೆ. ಎಥಿಲೀನ್ ತಾಗಿದಾಗ ಗಡ್ಡೆಯ ಉಸಿರಾಟ ಏರುತ್ತದೆ, ಹಾಗಾಗಿ ಅದಕ್ಕೂ ಸ್ವಲ್ಪ ಪಾಲಿದೆ. ಮೊಳಕೆ ಇಲ್ಲದೆ ಸುಕ್ಕಾಗಿದ್ದರೆ ಫ್ಯಾನಿನ ಗಾಳಿ, ಒಣ ಹವೆ, ಇಲ್ಲವೇ ಬಲಿಯುವ ಮೊದಲೇ ಕಿತ್ತ ತೆಳು ಸಿಪ್ಪೆಯ ಮಾಲು.

ಹೊರಗೆ ಚೆನ್ನಾಗಿದೆ, ಕೊಯ್ದರೆ ಒಳಗೆ ತೊಂದರೆ

ನಡುವೆ ಕಪ್ಪು ಹೃದಯದಂತೆ ಕಂಡರೆ ಉಸಿರುಕಟ್ಟಿದೆ ಎಂದರ್ಥ. ಬಿಸಿ ಲಾರಿಯಲ್ಲಿ ಟಾರ್ಪಾಲು ಬಿಗಿದು ತಂದ ಮಾಲಿನಲ್ಲಿ, ಒಂದರ ಮೇಲೊಂದು ಒತ್ತಿದ ಮೂಟೆಗಳಲ್ಲಿ ಇದು ಕಾಣುತ್ತದೆ. ಸಿಪ್ಪೆಯಿಂದ ಸ್ವಲ್ಪ ಒಳಗೆ ಕಂದು ಉಂಗುರ ಇದ್ದು, ಹಿಚುಕಿದರೆ ಬಿಳಿ ಲೋಳೆ ಹನಿದರೆ ಅದು ದುಂಡಾಣು ಸೊರಗು ರೋಗದ ಗುರುತು. ಅಂಥ ಮೂಟೆಯ ಒಂದು ಗಡ್ಡೆಯನ್ನೂ ಬಿತ್ತನೆಗೆ ಬಳಸಬೇಡಿ. ಮಣ್ಣಿಗೆ ಒಮ್ಮೆ ಇಳಿದರೆ ಅದು ವರ್ಷಗಟ್ಟಲೆ ಕಾಡುತ್ತದೆ.

ಬಾಗಿಲು ತೆರೆದರೆ ಕೊಳೆತ ನಾತ

ಮೂಟೆಯ ತಳ ಮುಟ್ಟಿ ನೋಡಿ. ಒದ್ದೆ ಇದ್ದಲ್ಲೇ ಕೊಳೆ ಇದೆ. ಏಟು ತಿಂದ, ಕೊಳೆತ ಗಡ್ಡೆ ತಾನೇ ಎಥಿಲೀನ್ ಬಿಡಲು ಶುರು ಮಾಡುತ್ತದೆ. ಹೀಗಾಗಿ ಒಂದು ಕೊಳೆತರೆ ಪಕ್ಕದ್ದಕ್ಕೆ ನೀರಿನ ಕಾಟವೂ ಹೌದು, ಗಾಳಿಯ ಕಾಟವೂ ಹೌದು. ಚೀಲ ಹೊರಗೆ ತಂದು ಸುರಿದು, ಆರಿಸಿ, ಒಣ ಗಡ್ಡೆಯನ್ನು ಮಾತ್ರ ಹೊಸ ಚೀಲಕ್ಕೆ ತುಂಬಿ. ತೊಳೆಯಲು ಹೋಗಬೇಡಿ, ಉಳಿದದ್ದೂ ಕೊಳೆಯುತ್ತದೆ.

ಇಲ್ಲಿ ಪ್ರಾಣದ ಮಾತೂ ಇದೆ. ನೆಲಮಾಳಿಗೆ, ಮುಚ್ಚಿದ ಗೋದಾಮು, ಕಿಟಕಿಯಿಲ್ಲದ ಕೋಣೆಯಲ್ಲಿ ರಾಶಿ ಆಲೂಗಡ್ಡೆ ಕೊಳೆತಿದ್ದರೆ ಸೀದಾ ಒಳಗೆ ನುಗ್ಗಬೇಡಿ. ಕೊಳೆಯುವಾಗ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಕೆಳಗೇ ಕೂರುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಬಾಗಿಲು ಪೂರ್ತಿ ತೆರೆದು, ಹೊರಗಿನಿಂದ ಫ್ಯಾನ್ ಇಟ್ಟು ಗಾಳಿ ಆಡಲು ಬಿಡಿ. ಹೊರಗೆ ಇನ್ನೊಬ್ಬರು ನಿಂತಿರಲಿ. ಒಳಗೆ ಹೋದವರು ಕುಸಿದರೆ ಎಳೆದು ತರಲು ಹಿಂದೆಯೇ ಓಡಬೇಡಿ, ಅಗ್ನಿಶಾಮಕ ದಳ ಕರೆಯಿರಿ. ದೊಡ್ಡ ಗೋದಾಮಾದರೆ ಅನಿಲ ಅಳೆಯುವ ಮೀಟರ್ ಇಲ್ಲದೆ ಯಾರನ್ನೂ ಇಳಿಸಬೇಡಿ.

ಬಿತ್ತನೆ ಗಡ್ಡೆ ಮೊಳೆಯುತ್ತಿಲ್ಲ, ಮೊಳೆತರೂ ಸರಿಯಿಲ್ಲ

ನಮ್ಮ ಜಿಲ್ಲೆಗೆ ಬಿತ್ತನೆ ಗಡ್ಡೆ ಬರುವುದು ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ. ಮುಂಗಾರಿನ ಹೊತ್ತಿಗೆ ಎಪಿಎಂಸಿಯಲ್ಲಿ ಕುಫ್ರಿ ಜ್ಯೋತಿ ತಳಿಗೆ ಸಾಲು ನಿಲ್ಲುತ್ತಾರೆ. ಚಳಿಯಿಂದ ಹೊರಬಂದ ಗಡ್ಡೆ ನೆರಳಲ್ಲಿ, ಮಂದ ಬೆಳಕಲ್ಲಿ ಹತ್ತು ಹದಿನೈದು ದಿನ ಹರಡಿದರೆ ಗಟ್ಟಿ ಮೊಳಕೆ ಕೊಡುತ್ತದೆ. ಕೊಡದಿದ್ದರೆ ಮೊದಲು ಕೇಳಬೇಕಾದ್ದು ಇಷ್ಟು: ಈ ಗಡ್ಡೆ ಇದ್ದ ಕೋಣೆಗೆ ಯಾವತ್ತಾದರೂ ಸಿಐಪಿಸಿ ಹೊಗೆ ಕೊಟ್ಟಿದ್ದರಾ? ಆ ಔಷಧ ಗೋಡೆ, ಚೀಲಗಳಲ್ಲೂ ಉಳಿದು ಮೊಳಕೆ ಕೊಲ್ಲುತ್ತದೆ. ತಿನ್ನುವ ಮಾಲು ಇಟ್ಟಿದ್ದ ಕೋಣೆಗೆ ಬಿತ್ತನೆ ಮಾಲು ಸೇರಿಸಬಾರದು ಎನ್ನುವುದು ಇದಕ್ಕೇ.

ಎಥಿಲೀನ್ ತಾಗಿದ ಬಿತ್ತನೆ ಗಡ್ಡೆ ಬೇರೆ ಥರ. ಒಂದೆರಡು ಬಲವಾದ ಮೊಳಕೆಯ ಬದಲು ಅನೇಕ ಚಿಕ್ಕ ಮೊಳಕೆ ಏಳುತ್ತವೆ. ಹಣ್ಣಿನಿಂದ ದೂರ ಮಾಡಿದ ಮೇಲೆ ಅವು ಮತ್ತೆ ಬೆಳೆಯುತ್ತವೆ, ಹಾಗಾಗಿ ಗಾಬರಿಯಾಗಿ ಬಿಸಾಡಬೇಡಿ. ಇಪ್ಪತ್ತು ಗಡ್ಡೆ ಎಣಿಸಿ ಮಂದ ಬೆಳಕಿಗೆ ಇಡಿ. ಎರಡು ವಾರದಲ್ಲಿ ಅರ್ಧದಷ್ಟೂ ಏಳದಿದ್ದರೆ ಹೊಲಕ್ಕೆ ಹಾಕಬೇಡಿ. ಬಿಲ್ಲು ಮತ್ತು ಚೀಲದ ಚೀಟಿ ಸಮೇತ ತೋಟಗಾರಿಕೆ ಇಲಾಖೆಗೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ. ಚೀಟಿ ಕಿತ್ತೆಸೆದು ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ.

ಗೋದಾಮಿನಲ್ಲಿ ಹಣ್ಣೇ ಇಲ್ಲ, ಆದರೂ ಎಥಿಲೀನ್ ಲಕ್ಷಣ

ಹಾಗಿದ್ದರೆ ಹೊಗೆ ಎಲ್ಲಿಂದ ಬರುತ್ತಿದೆ ನೋಡಿ. ಡೀಸೆಲ್ ಜನರೇಟರ್, ಬಾಗಿಲಲ್ಲಿ ಎಂಜಿನ್ ಆರಿಸದೆ ನಿಂತ ಲಾರಿ, ಗ್ಯಾಸಿನಲ್ಲಿ ಓಡುವ ಫೋರ್ಕ್‌ಲಿಫ್ಟ್, ಇವೆಲ್ಲದರ ಹೊಗೆಯಲ್ಲೂ ಎಥಿಲೀನ್ ಇರುತ್ತದೆ. ಇನ್ನೊಂದು, ಒಂದೇ ಗಾಳಿ ಕೊಳವೆ ಎರಡು ಕೋಣೆಗೆ ಹೋಗುತ್ತಿದ್ದು ಆಚೆ ಕೋಣೆಯಲ್ಲಿ ಸೇಬು ಇರಬಹುದು.

ಅಳೆಯುವ ಯಂತ್ರ ದುಬಾರಿ. ಅದಕ್ಕೆ ಮೊದಲು ಕುಂಡದಲ್ಲಿ ಬೆಳೆದ ಟೊಮೆಟೊ ಸಸಿಯೊಂದನ್ನು, ನೀರು ಹಾಕಿ, ಅನುಮಾನವಿರುವ ಜಾಗದಲ್ಲಿ ಒಂದು ದಿನ ಇಡಿ. ಎಥಿಲೀನ್ ಇದ್ದರೆ ಎಲೆಯ ತೊಟ್ಟು ಕೊಡೆ ಮಡಿಸಿದ ಹಾಗೆ ಕೆಳಕ್ಕೆ ಬಾಗುತ್ತದೆ. ಎಲೆ ಬಾಡಿರುವುದಿಲ್ಲ, ಸೆಟೆದೇ ಇರುತ್ತದೆ. ನೀರಿಲ್ಲದೆ ಬಾಡಿದ್ದಕ್ಕೂ ಇದಕ್ಕೂ ಅದೇ ವ್ಯತ್ಯಾಸ. ಚಳಿ ಕೋಣೆಯೊಳಗೆ ಈ ಪರೀಕ್ಷೆ ನಡೆಯುವುದಿಲ್ಲ, ಹೊರಗಿನ ಮೊಗಸಾಲೆ, ಮಾಲು ಇಳಿಸುವ ಜಾಗಕ್ಕೆ ಮಾತ್ರ.

ಗಾಳಿ ಬದಲಾಯಿಸುವುದೇ ಅಗ್ಗದ ಮದ್ದು. ಅದು ಸಾಲದಿದ್ದರೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ ಹರಳಿನ ಪೊಟ್ಟಣ ಸಿಗುತ್ತದೆ. ಅದು ನೇರಳೆ ಬಣ್ಣ ಇರುವವರೆಗೆ ಎಥಿಲೀನ್ ಹೀರುತ್ತದೆ, ಕಂದಾದರೆ ಕೆಲಸ ಮುಗಿಯಿತು. ಬರಿಗೈಯಲ್ಲಿ ಹರಳು ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಎಣ್ಣೆ ಮೆತ್ತಿದ ಗೋಣಿಯ ಮೇಲೆ ಹರಳು ಚೆಲ್ಲಬೇಡಿ, ಬೆಂಕಿ ಹತ್ತುತ್ತದೆ. ಎಥಿಲೀನ್ ಸಿಲಿಂಡರ್ ಇರುವ ಜಾಗದಲ್ಲಿ ಸೋರಿಕೆ ಅನುಮಾನ ಬಂದರೆ ಬೀಡಿ, ಬೆಂಕಿಕಡ್ಡಿ, ಸ್ವಿಚ್ಚು ಯಾವುದನ್ನೂ ಮುಟ್ಟದೆ ಹೊರಗೆ ಬಂದು ಸಿಲಿಂಡರ್ ಪೂರೈಸಿದವರನ್ನು ಕರೆಯಿರಿ. ಗಾಳಿಯಲ್ಲಿ ಅದು ನೂರಕ್ಕೆ ಮೂರು ಪಾಲಿನ ಹತ್ತಿರ ಬಂದರೆ ಕಿಡಿ ಸಾಕು. ಹಣ್ಣಿನ ಬುಟ್ಟಿಯಿಂದ ಅಷ್ಟು ಎಂದೂ ಆಗುವುದಿಲ್ಲ, ಮನೆಯವರು ಹೆದರಬೇಕಿಲ್ಲ.

ನಮ್ಮ ಅಂಗಡಿಯಲ್ಲಿ ನಾನು ಮಾಡಿದ್ದು ಇಷ್ಟೇ. ಕೊಕ್ಕೆ ಕಿತ್ತು ಮುಂದಿನ ಜಗುಲಿಗೆ ಹೊಡೆದೆ, ಗೊನೆ ಈಗ ಅಲ್ಲಿ ತೂಗುತ್ತದೆ. ಹಿಂದಿನ ಗೋಡೆಗೆ ಒಂದಡಿಯ ಜಾಲರಿ ಕಿಂಡಿ ಕೊರೆಸಿದೆ. ಗಾರೆಯವನು ಕೂಲಿ ಜೊತೆಗೆ ಒಂದು ಪೊಟ್ಟಣ ಚಿಪ್ಸ್ ಕೇಳಿದ. ಕೊಟ್ಟೆ, ಕಪ್ಪು ಲಾಟಿನದಲ್ಲ.